ಚಂದ್ರನ ಮೇಲೊಂದು ಒಡಪು

ಚಂದ್ರನ ಮೇಲಿನ ಮನೆಗಳಲ್ಲಿ ಆಡಿದ ಮಾತನ್ನೆಲ್ಲ ಗೋಡೆಗಳು ಕೇಳಿಟ್ಟುಕೊಳ್ಳುತ್ತವೆ. ಮುಧೋಳದಿಂದ ಎರಡು ವರ್ಷದ ಕೆಲಸದ ವೀಸಾ ಮೇಲೆ ಬಂದು, ಚಂದ್ರನ ಮೇಲೇ ಹುಟ್ಟಿ ಬೆಳೆದ ಮೌನೇಶನನ್ನು ಮದುವೆಯಾಗಿದ್ದ ದಾಕ್ಷಾಯಣಿಗೆ ಈಗ ಆ ಗೋಡೆಗಳೇ ಮುಳುವಾಗಿದ್ದವು.

“ಮದುವೆಯಾಗಿ ವರ್ಷವಾಯಿತು. ನೀವು ಒಮ್ಮೆಯೂ ಗಂಡನನ್ನು ಹೆಸರು ಹಿಡಿದು ಕರೆದಿಲ್ಲ,” ಎಂದರು ಕಾಯಂ ವಾಸದ ಅರ್ಜಿ ನೋಡುವ ಅಧಿಕಾರಿಣಿ. “ಇದು ಬರೀ ಕಾಗದದ ಮದುವೆ ಅಂತ ಗೋಡೆಗೆ ಅನುಮಾನ. ನಾಡಿದ್ದು ನಿಮ್ಮ ವೀಸಾ ಮುಗಿಯುತ್ತೆ. ಇವರ ಹೆಸರು ಹೇಳಿ, ನೋಡೋಣ.”

“ಗಂಡನ ಹೆಸರು ಹೇಳಿದ್ರ ಅವರ ಆಯುಷ್ಯ ಕಮ್ಮಿ ಆಗ್ತದಂತ ನಮ್ಮಜ್ಜಿ ಹೇಳ್ಯಾಳ್ರೀ ಮೇಡಂ.”

ಮೌನೇಶ ಪಕ್ಕದಲ್ಲೇ ಕೂತಿದ್ದ. ಅಲ್ಲಿ ಎಲ್ಲರ ಎದೆಯ ಮೇಲಿರುವಂತೆ ಅವನ ಎದೆಯ ಮೇಲೂ ಇದ್ದ ಉಸಿರುಮಾಪಕ ಉಸಿರಿಗೊಮ್ಮೆ ಟಿಕ್ ಎನ್ನುತ್ತಿತ್ತು. ಅವಳ ಬಾಯಲ್ಲಿ ತನ್ನ ಹೆಸರು ಹೇಗೆ ಕೇಳೀತೆಂಬ ಕುತೂಹಲ ಅವನ ಕಣ್ಣಲ್ಲೂ ಇದ್ದದ್ದನ್ನು ದಾಕ್ಷಾಯಣಿ ಕಂಡಳು.

ಪ್ರಾಸ ಕೂಡಿಸಿ ಒಡಪಿನಲ್ಲಿ ಹೇಳಿದರೆ ದೋಷವಿಲ್ಲ ಎಂದೂ ಅಜ್ಜಿಯೇ ಹೇಳಿದ್ದು ನೆನಪಾಯಿತು. ಅವಳು ಕಣ್ಣು ಮುಚ್ಚಿದಳು.

“ಕಿಟಕ್ಯಾಗ ಕಾಣೋ ನೀಲಿ ಭೂಮಿ ನನ್ನ ತವರು,
ಮೌನೇಶರಾಯರು ಇದ್ದಲ್ಲೇ ನನ್ನ ಊರು.”

ಟಿಕ್ ಟಿಕ್ ನಿಂತೇಹೋಯಿತು. ಮೌನೇಶ ಉಸಿರಾಡುವುದನ್ನೇ ಮರೆತು ಹೆಂಡತಿಯನ್ನು ನೋಡುತ್ತ ಕೂತಿದ್ದ. ಅಧಿಕಾರಿಣಿ ಸದ್ದಿಲ್ಲದ ಆ ಮಾಪಕವನ್ನೊಮ್ಮೆ ನೋಡಿ, ಅರ್ಜಿಯ ಮೇಲೆ ಒಪ್ಪಿಗೆಯ ಮೊಹರು ಒತ್ತಿದರು.

ದಾಕ್ಷಾಯಣಿಗೆ ಮೊಹರು ಕಾಣಲೇ ಇಲ್ಲ. ಅವಳು ಗಾಬರಿಯಾಗಿ ಗಂಡನ ಬೆನ್ನು ಗುದ್ದುತ್ತಿದ್ದಳು. “ಉಸಿರಾಡ್ರೀ! ನೋಡಿದ್ರೇನ್ರೀ ಮೇಡಂ, ಇದಕ್ಕ ನೋಡ್ರಿ ನಾ ಹೆಸರು ಹೇಳ್ತಿದ್ದಿಲ್ಲ!”