ಭಾನುವಾರದ ಡಬ್ಬಿ

ಭಾನುವಾರ ಬೆಳಿಗ್ಗೆ ನಮ್ಮ ಕೇರಿಯ ಹೆಂಗಸರೆಲ್ಲ ನಲ್ಲಿಕಟ್ಟೆಯಲ್ಲಿ ಕೂತು ಗಂಡಂದಿರ ಲಿವರ್ ತೊಳೆಯುತ್ತೇವೆ. ಶನಿವಾರ ಕುಡಿದು ಬಂದವರು ಅದನ್ನು ಬಿಚ್ಚಿ ಸ್ಟೀಲ್ ಡಬ್ಬಿಗೆ ಹಾಕಿ ಬಿದ್ದುಕೊಳ್ಳುತ್ತಾರೆ. ನಾವು ತೊಳೆದು ತಂದ ಮೇಲೆ ಏಳುತ್ತಾರೆ. ನನ್ನ ಗಂಡ ಮಹಾಲಿಂಗನದು ಕೊಳೆತ ಪಪ್ಪಾಯಿಯ ಹಾಗೆ ಬೆರಳಿಗೆ ಅಂಟುತ್ತದೆ. ಎಷ್ಟು ಸೋಪು ಹಾಕಿ ಉಜ್ಜಿಕೊಂಡರೂ ಆ ನಾತ ನನ್ನ ಉಗುರಿನಿಂದ ಹೋಗುವುದಿಲ್ಲ. ಅದೇ ಕೈಯಲ್ಲಿ ಅನ್ನ ಕಲಸಬೇಕು.

ಈ ವಾರ ಕುಡಿತ ಬಿಡಿಸುವ ಸಂಘದ ಜಯಶೀಲಮ್ಮ ಬಂದು ಕಟ್ಟೆಯ ಪಕ್ಕ ನಿಂತರು. "ನೀವು ಹೀಗೆ ತೊಳೆದು ಕೊಡ್ತಾ ಇದ್ರೆ ಅವರಾದ್ರೂ ಯಾಕೆ ಬಿಡ್ತಾರೆ?" ಎಂದರು.

ಉಳಿದವರು ಉಜ್ಜುತ್ತಲೇ ಇದ್ದರು. ನಾನು ತೊಳೆಯದೆಯೇ ಡಬ್ಬಿ ಮುಚ್ಚಿಕೊಂಡು ಎದ್ದೆ.

ಮನೆಗೆ ಬಂದು ಅವನನ್ನು ಎಬ್ಬಿಸಿದೆ. ಡಬ್ಬಿ, ಸೋಪು, ಒಂದು ಬಕೆಟ್ ನೀರು ಮುಂದಿಟ್ಟು, "ನೀವೇ ತೊಳ್ಕೊಳ್ಳಿ" ಎಂದೆ.

ತೊಳೆಯುವ ಮೊದಲು ಅದು ಹೇಗಿರುತ್ತದೆಂದು ಅವನು ಎಚ್ಚರದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಮುಚ್ಚಳ ತೆಗೆದವನೇ ಮೂಗು ಮುಚ್ಚಿಕೊಂಡು ಹಿಂದೆ ಸರಿದ.

"ಥೂ, ಯಾರ್ದೇ ಇದು?" ಅಂದ. "ನಂದು ಯಾವಾಗ್ಲೂ ಕ್ಲೀನಾಗಿರುತ್ತೆ."