ಬೂದು ಪಟ್ಟಿ

ಬೆನ್ನ ಮೇಲಿನ ಪಟ್ಟಿ ಹೊಳೆಯುವಂಥದ್ದಾಗಿದ್ದರೆ ತಿಮ್ಮೇಶ್ ಬದುಕಿರುತ್ತಿದ್ದನೇ?

ನಾಲ್ಕು ದಿನದಿಂದ ಪುಟ್ಟರಂಗಯ್ಯನ ತಲೆಯೊಳಗೆ ಇದೊಂದೇ ಪ್ರಶ್ನೆ. ಗುಬ್ಬಿ ಬಸ್ ಸ್ಟ್ಯಾಂಡ್ ಹಿಂದಿನ ತನ್ನ ಟೈಲರ್ ಅಂಗಡಿಯಲ್ಲಿ ಅವನು ಮಿಷನ್ ಮುಂದೆ ಕೂತಿದ್ದ. ಕಾಲು ಪೆಡಲಿನ ಮೇಲಿತ್ತು, ತುಳಿಯುತ್ತಿರಲಿಲ್ಲ.

ಭಾನುವಾರ ನಸುಕಿನಲ್ಲಿ, ಹೆಗ್ಗೆರೆ ಹತ್ತಿರ, ತಿಮ್ಮೇಶನ ಸೈಕಲ್ಲಿಗೆ ಲಾರಿಯೊಂದು ಹಿಂದಿನಿಂದ ಗುದ್ದಿತ್ತು. 'ಬೆನ್ನ ಮೇಲೆ ಏನೂ ಹೊಳೀಲಿಲ್ಲ ಸಾರ್, ಕಾಣ್ಲೇ ಇಲ್ಲ' ಎಂದು ಡ್ರೈವರ್ ಸ್ಟೇಷನ್ನಿನಲ್ಲಿ ಹೇಳಿದ್ದ. ಆ ಮಾತು ಊರೆಲ್ಲ ಸುತ್ತಿ ಅಂಗಡಿಗೂ ಬಂದಿತ್ತು.

ತಿಮ್ಮೇಶ್ ತುಮಕೂರಿನ ಕಾಲೇಜೊಂದರಲ್ಲಿ ಗುಮಾಸ್ತ. ಭಾನುವಾರ ಬಂತೆಂದರೆ ಗೇರ್ ಸೈಕಲ್ ಹತ್ತಿ ಕ್ಯಾತ್ಸಂದ್ರಕ್ಕೆ ಹೋಗಿ ಗೆಳೆಯರ ಗುಂಪು ಸೇರುತ್ತಿದ್ದ. ಎರಡು ತಿಂಗಳ ಹಿಂದೆ ಒಂದು ಕೆಂಪು ಜೆರ್ಸಿ ಹಿಡಿದುಕೊಂಡು ಅಂಗಡಿಗೆ ಬಂದಿದ್ದ. ಹೆಂಡತಿ ಬೆಂಗಳೂರಿನಿಂದ ತರಿಸಿಕೊಟ್ಟದ್ದು. ಜೊತೆಗೆ ನುಣುಪು ಕಾಗದದ ಪುಟ್ಟ ಪುಸ್ತಕ. ಅದರಲ್ಲಿ ಯಾವುದೋ ದೇಶದ ಮಂಜು, ಬೆಟ್ಟದ ರಸ್ತೆ, ಬೆವರೇ ಇಲ್ಲದ ಒಬ್ಬ ಗಂಡಸು, ಅವನ ಬೆನ್ನಿಗೊಂದು ಬೆಳ್ಳಿಗೆರೆ.

"ಆರು ಸಾವಿರವಾ? ಇದ್ರಲ್ಲಿ ಬಟ್ಟೆಗೆಷ್ಟು, ಫೋಟೊಗೆಷ್ಟು?" ಎಂದಿದ್ದ ಪುಟ್ಟರಂಗಯ್ಯ, ಬೆಲೆ ಕೇಳಿ.

"ಫೋಟೊಗೇ ಐದು ಸಾವಿರ ಕಣಣ್ಣ," ಎಂದು ತಿಮ್ಮೇಶ್ ನಕ್ಕಿದ್ದ. "ಇದೇ ಥರ ಇನ್ನೊಂದು ಹೊಲ್ಕೊಡು. ಲೇಬಲ್ಲೂ ಬಿಡ್ಬೇಡ. ಯಾವ್ದು ಬೀರು ಒಳಗೆ, ಯಾವ್ದು ಮೈಮೇಲೆ ಅಂತ ನನಗೊಬ್ಬನಿಗೇ ಗೊತ್ತಿರ್ಬೇಕು."

ಪುಟ್ಟರಂಗಯ್ಯ ಅಸಲಿಯನ್ನು ಒಳಮಗ್ಗುಲಿಗೆ ತಿರುಗಿಸಿ ನೋಡಿದ. ಕಂಪನಿಯ ಹೊಲಿಗೆ ಚರ್ಮಕ್ಕೆ ಅಂಟಿಕೊಂಡ ಚರ್ಮದಂತೆ ಚಪ್ಪಟೆಯಾಗಿತ್ತು. ಮೂರು ದಿನ ಹೆಣಗಿದರೂ ಅವನ ಮಿಷನ್ನಿಗೆ ಅದು ಬರಲಿಲ್ಲ. ಕೊನೆಗೆ ತನಗೆ ಗೊತ್ತಿದ್ದಂತೆ ಮಡಿಚಿ ಹೊಲಿದ. ಹೊರಗಿನಿಂದ ವ್ಯತ್ಯಾಸ ಕಾಣದು. ಒಳಗೆ ಬೆರಳಾಡಿಸಿದರೆ ಮಡಿಕೆಗೆ ಎಡವುತ್ತಿತ್ತು. ಅಸಲಿಯ ಬೆನ್ನಿಗಿದ್ದ ಬೆಳ್ಳಿಗೆರೆಯಂಥ ಪಟ್ಟಿಯೂ ಎಲ್ಲೂ ಸಿಗಲಿಲ್ಲ. ಬೂದು ಬಣ್ಣದ ಸಾದಾ ಪಟ್ಟಿ ಹಾಕಿದ. ಟಾರ್ಚ್ ಬಿಟ್ಟು ನೋಡಿದಾಗ ಅಸಲಿ ಬೆಕ್ಕಿನ ಕಣ್ಣಿನಂತೆ ಮಿಂಚಿತು. ತನ್ನದು ಒಲೆಯ ಬೂದಿ.

"ಇದು ಕತ್ತಲಲ್ಲಿ ಹೊಳೆಯಲ್ಲ ಕಣಪ್ಪ."

"ಇದು ಹೊಳೀಬೇಕಾದ್ದೇ ಇಲ್ಲ ಬುಡಣ್ಣ," ಎಂದಿದ್ದ ತಿಮ್ಮೇಶ್.

ತಾನು ಆಗಲೇ ಗಟ್ಟಿಯಾಗಿ ಹೇಳಬೇಕಿತ್ತೇ?

ಮಧ್ಯಾಹ್ನ ಅಂಗಡಿಯ ಮೆಟ್ಟಿಲ ಮೇಲೆ ನೆರಳು ಬಿತ್ತು. ತಿಮ್ಮೇಶನ ಹೆಂಡತಿ ಸ್ವರ್ಣಲತಾ. ಹೈಸ್ಕೂಲಿನ ಮೇಡಂ. ಹಿಂದೆ ಅವಳ ಅಣ್ಣ ರಂಗನಾಥ್. ಅವನ ಕೈಯಲ್ಲಿ ಸ್ಟೇಷನ್ನಿನವರು ಕೊಟ್ಟ ಪ್ಲಾಸ್ಟಿಕ್ ಕವರು.

"ನಿಂದೇನಯ್ಯ ಇದು?" ಎಂದು ರಂಗನಾಥ್ ಕವರನ್ನು ಮಿಷನ್ ಮೇಲೆ ಹಾಕಿದ. "ಡೂಪ್ಲಿಕೇಟ್ ಹೊಲ್ದು ಜೀವ ತೆಗೆಯೋ ಕಸುಬು ಯಾವಾಗಿಂದ?"

"ಅಣ್ಣ, ಸುಮ್ನಿರು." ಸ್ವರ್ಣಲತಾ ಪುಟ್ಟರಂಗಯ್ಯನ ಕಡೆ ತಿರುಗಿದಳು. ಕಣ್ಣು ಒಣಗಿತ್ತು. "ಪುಟ್ಟರಂಗಣ್ಣ, ನಂಗೊಂದೇ ತಿಳೀಬೇಕು. ಇವರನ್ನ ಕತ್ತಲಲ್ಲಿ ಸೈಕಲ್ ಹತ್ತೋಕೆ ನಾನು ಬಿಡ್ತಾನೇ ಇರ್ಲಿಲ್ಲ. ಎಂಟು ವರ್ಷ ಜಗಳ ಆಡಿದೀನಿ. ಆ ಪುಸ್ತಕದಲ್ಲಿ ಬರ್ದಿತ್ತು, ಈ ಪಟ್ಟಿ ಎಷ್ಟು ದೂರಕ್ಕಾದ್ರೂ ಕಾಣುತ್ತೆ ಅಂತ. ಅದನ್ನ ಓದಿ, ನಂಬಿ, ಕೊಡ್ಸಿ, ಇನ್ಮೇಲೆ ಧೈರ್ಯವಾಗಿ ಹೋಗಿ ಅಂದೆ. ನಾನೇ ಅಂದೆ."

ಅವಳು ಉಸಿರೆಳೆದುಕೊಂಡಳು.

"'ನೀನು ಕೊಟ್ಟಿದ್ದು ಬೀರುವಲ್ಲಿದೆ, ದಿನಾ ಹಾಕ್ಕೊಳ್ಳೋದು ಪುಟ್ಟರಂಗಣ್ಣ ಹೊಲ್ದಿದ್ದು' ಅಂತ ಇವರು ನಗ್ತಾ ಹೇಳ್ತಿದ್ರು. ಅದೂ ಹೊಳೆಯುತ್ತೆ ಅಂದ್ಕೊಂಡಿದ್ದೆ. ಬೀರುವಲ್ಲಿ ಇದ್ದಿದ್ದನ್ನ ಮಣ್ಣು ಮಾಡೋವಾಗ ಅವರ ಎದೆ ಮೇಲೇ ಇಟ್ಟುಬಿಟ್ಟೆ. ಈಗ ಇದೊಂದೇ ಉಳಿದಿರೋದು. ಹೇಳಿ, ಇದು ನಿಮ್ಮ ಕೈದಾ? ನಾನು ಕೊಡ್ಸಿದ್ದಾ?"

ಪುಟ್ಟರಂಗಯ್ಯ ಕವರಿನಿಂದ ಜೆರ್ಸಿ ತೆಗೆದ. ಬೆನ್ನಿನ ಭಾಗ ಟಾರಿಗೆ ಉಜ್ಜಿ ಹರಿದಿತ್ತು. ಪಟ್ಟಿ ಇದ್ದ ಜಾಗದಲ್ಲಿ ಬರೀ ಕರೀ ಎಳೆಗಳು. ಲೇಬಲ್ ನೆತ್ತರು ಒಣಗಿ ಸೆಟೆದಿತ್ತು. ಅವನು ಬಟ್ಟೆಯನ್ನು ಒಳಮಗ್ಗುಲಿಗೆ ತಿರುಗಿಸಿದ. ಕಂಕುಳಿನಿಂದ ಸೊಂಟದವರೆಗೆ ಹೊಲಿಗೆಯ ಮೇಲೆ ಹೆಬ್ಬೆರಳಾಡಿಸಿದ. ಬೆರಳು ಎಲ್ಲೂ ತಡೆಯದೆ ಕೊನೆಯವರೆಗೆ ಜಾರಿತು.

ಇನ್ನೊಂದು ಸಲ ಆಡಿಸಿದ. ಆಗಲೂ ಜಾರಿತು.

"ಏನ್ ನೋಡ್ತೀಯ? ಬೊಗಳು," ಎಂದ ರಂಗನಾಥ್.

ಪುಟ್ಟರಂಗಯ್ಯ ತಲೆಯೆತ್ತಿ ಸ್ವರ್ಣಲತಾಳ ಮುಖ ನೋಡಿದ. ಅವಳು ರೆಪ್ಪೆ ಬಡಿಯದೆ ಕಾಯುತ್ತಿದ್ದಳು, ತೀರ್ಪಿಗೆ ನಿಂತವಳಂತೆ.

"ನಂದೇ ಕಣವ್ವ," ಎಂದ. "ಹೊಳೆಯದ ಪಟ್ಟಿ ಹಾಕಿದ್ದೆ. ತಪ್ಪಾಯ್ತು."

ಸ್ವರ್ಣಲತಾ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು. ನಾಲ್ಕು ದಿನದಲ್ಲಿ ಮೊದಲ ಸಲ ಬಾಯಿ ಬಿಟ್ಟು ಅತ್ತಳು. ರಂಗನಾಥ್ ಅವನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ. ಪುಟ್ಟರಂಗಯ್ಯ ಬಿಡಿಸಿಕೊಳ್ಳಲಿಲ್ಲ. ಹೊರಗೆ ಜನ ಸೇರಿದರು. ಅವನು ಒಪ್ಪಿಕೊಂಡದ್ದು ಎಲ್ಲರ ಕಿವಿಗೂ ಬಿತ್ತು.

ಆ ವರ್ಷ ಯಾವ ಶಾಲೆಯೂ ಅವನಿಗೆ ಯೂನಿಫಾರಂ ಕೊಡಲಿಲ್ಲ. ಮದುವೆಯ ಬಟ್ಟೆ ಹೊಲಿಯಲು ಕೊಟ್ಟಿದ್ದವರು ಅರ್ಧಕ್ಕೇ ವಾಪಸ್ ಒಯ್ದರು. ಯುಗಾದಿಯ ಹೊತ್ತಿಗೆ ಅವನು ಮಿಷನ್ನನ್ನು ಲಗೇಜ್ ಆಟೋಗೆ ಹೇರಿಕೊಂಡು ಕುಣಿಗಲ್ಲಿಗೆ ಹೋದ. ಅಲ್ಲಿ ಭಾವಮೈದನ ಅಂಗಡಿಯ ಮೂಲೆಯಲ್ಲಿ ದಿಂಬಿನ ಕವರು ಹೊಲಿಯುತ್ತ ಕೂತ. 'ಮಾಡಿದ್ದೇನೋ ಮಾಡ್ದೆ, ಒಪ್ಕೊಳ್ಳೋದ್ಯಾಕೆ ಬೇಕಿತ್ತು? ಕಂಪನೀದು ಅಂದಿದ್ರೆ ಮುಗೀತಿತ್ತಲ್ಲ' ಎಂದು ಹೆಂಡತಿ ಚಿಕ್ಕಮಾರಮ್ಮ ಸಾಯುವವರೆಗೂ ಬೈದಳು.

ಲಾರಿ ಗುದ್ದಿದಾಗ ತಿಮ್ಮೇಶನ ಮೈಮೇಲಿದ್ದದ್ದು ಸ್ವರ್ಣಲತಾ ಕೊಡಿಸಿದ ಕಂಪನಿಯ ಜೆರ್ಸಿಯೇ ಎಂದು ಪುಟ್ಟರಂಗಯ್ಯ ಅವಳಿಗೂ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ.