ಎರಡು ಮನೆ ಕೆಳಗೆ

ಕ್ಲೈವ್ ಮೈಕಿನ ಮುಂದೆ ಉಸಿರೆಳೆದುಕೊಂಡಾಗಲೇ ಗ್ಲೆಂಡಾಗೆ ತನ್ನ ತಪ್ಪು ಹೊಳೆದದ್ದು. ಈ ಹಾಡು ಗಿಟಾರಿನಿಂದ ಶುರುವಾಗುವುದಿಲ್ಲ. ಮೊದಲ ಸಾಲನ್ನು ಅವನೊಬ್ಬನೇ ಹಾಡಬೇಕು. ಮಧ್ಯಾಹ್ನದ ತಾಲೀಮಿನಲ್ಲಿ ಗಂಡ ಕ್ಲೈವ್‌ನ ಧ್ವನಿ ಒಡೆದದ್ದನ್ನು ಕೇಳಿ, ಗಿಟಾರುಗಳನ್ನೆಲ್ಲ ಅವಳು ಎರಡು ಮನೆ, ಅಂದರೆ ಎರಡು ಸ್ವರಸ್ಥಾನ, ಕೆಳಗಿನ ಶ್ರುತಿಗೆ ಇಳಿಸಿದ್ದಳು. ತಂಡದವರಿಗೆಲ್ಲ ಹೇಳಿದ್ದಳು, ಅವನೊಬ್ಬನನ್ನು ಬಿಟ್ಟು; ಗಿಟಾರು ಕೇಳಿದ ಮೇಲೆ ಅವನು ತಾನಾಗಿಯೇ ಆ ಶ್ರುತಿ ಹಿಡಿಯುತ್ತಾನೆ ಎಂದುಕೊಂಡಿದ್ದಳು. ಹನ್ನೆರಡು ವರ್ಷಗಳ ನಂತರ ಮತ್ತೆ ಒಂದಾದ ರಾಕ್ ತಂಡ. ಅವನು ಹಳೆಯ ಶ್ರುತಿಯಲ್ಲೇ ಎತ್ತಿಕೊಂಡರೆ, ಗಿಟಾರು ಸೇರಿದ ಕ್ಷಣ ಇಡೀ ಶೆಫೀಲ್ಡ್ ನಗರ ನಗುತ್ತದೆ.

ಗಿಟಾರುಗಳ ದೇಖರೇಖಿಯಲ್ಲಿ ಮೂವತ್ತು ವರ್ಷ ಪರದೆಯ ಹಿಂದೆಯೇ ಕಳೆದವಳು, ವಿದ್ಯುತ್ ಬೇಡದ ಅಕೌಸ್ಟಿಕ್ ಗಿಟಾರೊಂದನ್ನು ಎತ್ತಿಕೊಂಡು ವೇದಿಕೆಯ ಬೆಳಕಿಗೆ ನಡೆದಳು.

ಕ್ಲೈವ್ ಮೈಕನ್ನು ಅಂಗೈಯಿಂದ ಮುಚ್ಚಿದ. "ಏನೇ, ತಂತಿ ಕಡಿದು ಹೋಯ್ತಾ?"

"ಶ್ರುತಿ ಇಳಿಸಿದೀನಿ. ಎರಡು ಮನೆ."

"ಯಾರನ್ನ ಕೇಳಿ?"

"ನಿನ್ನ ಗಂಟಲನ್ನ ಕೇಳಿ. ಬೈಯೋದಿದ್ರೆ ಆಮೇಲೆ ಬೈಯಿ, ಮುದುಕಪ್ಪ."

ಅವನ ದವಡೆ ಬಿಗಿಯಿತು. ಸಭೆಯಲ್ಲಿ ಯಾರೋ ಸಿಳ್ಳೆ ಹಾಕಿದರು. ಗ್ಲೆಂಡಾ ತಂತಿಯ ಮೇಲೆ ಹೆಬ್ಬೆರಳಿಟ್ಟು, ಅವನಿಗಷ್ಟೇ ಕೇಳುವಂತೆ ಮೆಲ್ಲಗೆ ಮೀಟಿದಳು.

ಕ್ಲೈವ್ ಅಂಗೈ ತೆಗೆದ. ಮೈಕನ್ನು ಬಗ್ಗಿಸಿ ಅವಳ ಗಿಟಾರಿನ ಹತ್ತಿರಕ್ಕೆ ತಂದ.

"ಇನ್ನೊಂದ್ಸಲ ಮೀಟು," ಎಂದ. "ಸ್ವಲ್ಪ ಜೋರಾಗಿ. ಇವರಿಗೂ ಕೇಳಿಸ್ಲಿ."